ಆಫ್ರಿಕಾದ ಸಂಸತ್ತುಗಳ ಸುದ್ದಿಯನ್ನೂ ನಮಗೆ ಕೊಡಿ: ಕನ್ನಡದ ಸಂಪಾದಕರಿಗೊಂದು ಬಹಿರಂಗ ಪತ್ರ

ಕನ್ನಡ ದಿನಪತ್ರಿಕೆಗಳ, ಸುದ್ದಿ ವಾಹಿನಿಗಳ ಮತ್ತು ಸುದ್ದಿ ಜಾಲತಾಣಗಳ ಸಂಪಾದಕರಿಗೆ,

ಮಾನ್ಯರೇ, ನಮಸ್ಕಾರ.

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕನ್ನಡ ಪತ್ರಿಕೆ ಓದಿಯೇ ಬೆಳೆದವಳು. ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ಪಠ್ಯದ ಜೊತೆಗೆ ಪತ್ರಿಕೆಯನ್ನೂ ಓದಿ ಎಂದೇ ಹೇಳುತ್ತೇನೆ. ಆ ಸಲುಗೆಯಿಂದ ಒಂದು ದೂರು ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

2024ರ ಜೂನ್ ಮೊದಲ ವಾರವನ್ನು ನೆನಪಿಸಿಕೊಳ್ಳಿ. ಜೂನ್ 4ರಂದು ನಮ್ಮ ಲೋಕಸಭೆ ಫಲಿತಾಂಶ ಬಂತು. ಆಳುವ ಪಕ್ಷ 240ಕ್ಕೆ ನಿಂತಿತು, ಮಿತ್ರಪಕ್ಷಗಳನ್ನು ನೆಚ್ಚಿಕೊಳ್ಳಬೇಕಾಯಿತು. ಅದಕ್ಕೆ ಎರಡು ದಿನ ಮೊದಲು, ಜೂನ್ 2ರಂದು, ದಕ್ಷಿಣ ಆಫ್ರಿಕಾದಲ್ಲಿ ಫಲಿತಾಂಶ ಪ್ರಕಟವಾಗಿತ್ತು. 1994ರಿಂದ ಒಮ್ಮೆಯೂ ಬಹುಮತ ಕಳೆದುಕೊಳ್ಳದಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಂದರೆ ಮಂಡೇಲಾ ಅವರ ಪಕ್ಷ, ಶೇ 40ರಷ್ಟು ಮತಕ್ಕೆ ಕುಸಿದಿತ್ತು. 400 ಸೀಟುಗಳ ಸದನದಲ್ಲಿ ಅದಕ್ಕೆ ಸಿಕ್ಕಿದ್ದು 159. ಜೂನ್ 14ರಂದು ಹೊಸ ಸಂಸದರು ಕೇಪ್‌ಟೌನ್‌ನ ಒಂದು ಸಮಾವೇಶ ಕೇಂದ್ರದಲ್ಲಿ ಸೇರಿದರು. ಸಂಸತ್ ಭವನ 2022ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾಗಿದ್ದರಿಂದ ಕೂರಲು ಅವರಿಗೆ ಸ್ವಂತ ಸದನವೇ ಇರಲಿಲ್ಲ. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ಕೆಳಮನೆ, ನೇರವಾಗಿ ಜನರಲ್ಲ. ಒಬ್ಬೊಬ್ಬರೇ ಎದ್ದು ಹೋಗಿ ಮತಪತ್ರ ಹಾಕಿದರು. ರಾತ್ರಿ ಎಣಿಕೆ ಮುಗಿದಾಗ ಸಿರಿಲ್ ರಾಮಫೋಸಾ ಅವರಿಗೆ 283, ಎದುರಾಳಿ ಜೂಲಿಯಸ್ ಮಲೇಮಾ ಅವರಿಗೆ 44 ಮತ. ವರ್ಷಗಟ್ಟಲೆ ಎದುರಾಳಿಯಾಗಿದ್ದ ಡೆಮಾಕ್ರಟಿಕ್ ಅಲಯನ್ಸ್ ಪಕ್ಷವೇ ರಾಮಫೋಸಾ ಅವರ ಬೆನ್ನಿಗೆ ನಿಂತಿತ್ತು.

ಎರಡು ದೊಡ್ಡ ಪ್ರಜಾಪ್ರಭುತ್ವಗಳಲ್ಲಿ ಒಂದೇ ವಾರ ಒಂದೇ ಬಗೆಯ ಪ್ರಶ್ನೆ ಎದ್ದಿತ್ತು: ಬಹುಮತ ಇಲ್ಲದಾಗ ಸರ್ಕಾರ ಹೇಗೆ ಕಟ್ಟಬೇಕು? ನಮ್ಮ ಮನೆಗೆ ಬರುವ ಪತ್ರಿಕೆಯಲ್ಲಿ ಇದು ಒಳಪುಟದ ಒಂದು ಮೂಲೆಯಲ್ಲಿ ಬಂತು. ನಾನು ನೋಡುವ ವಾಹಿನಿಯಲ್ಲಿ ಬರಲೇ ಇಲ್ಲ. ನಮ್ಮದೇ ಫಲಿತಾಂಶದ ಗಡಿಬಿಡಿ ಇತ್ತು, ಒಪ್ಪುತ್ತೇನೆ. ಆದರೆ ಆಮೇಲಾದರೂ ಯಾರೂ ಅದರ ಸುದ್ದಿ ಎತ್ತಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆ ಬಂದಾಗ ಪೆನ್ಸಿಲ್ವೇನಿಯಾದ ಒಂದೊಂದು ಕೌಂಟಿಯ ಲೆಕ್ಕವೂ ಕನ್ನಡದಲ್ಲಿ ಸಿಕ್ಕಿತು. ಎಲೆಕ್ಟೋರಲ್ ಕಾಲೇಜ್ ಅಂದರೆ ಏನು ಅಂತ ನನ್ನ ವಿದ್ಯಾರ್ಥಿಗಳು ಈಗ ನಿದ್ದೆಯಲ್ಲೂ ಹೇಳುತ್ತಾರೆ. ಆಫ್ರಿಕಾದ ಒಂದೇ ಒಂದು ದೇಶದ ಸಂಸತ್ತು ಹೇಗೆ ರಚನೆಯಾಗುತ್ತದೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. "ಅಲ್ಲಿ ಮಿಲಿಟರಿಯವರೇ ಆಳೋದು ಅಲ್ವಾ ಮೇಡಂ?" ಎಂದು ಕೇಳಿದವರೂ ಇದ್ದಾರೆ. ತಪ್ಪು ಮಕ್ಕಳದ್ದಲ್ಲ. ಅವರ ಕಣ್ಣಿಗೆ ಬಿದ್ದಿರುವ ಸುದ್ದಿ ಅಷ್ಟೇ.

ಆಫ್ರಿಕಾದಲ್ಲಿ 54 ದೇಶಗಳಿವೆ. ಸಂಸತ್ತಿಗೆ ಯಾರು ಬರಬೇಕು, ಹೇಗೆ ಬರಬೇಕು ಎಂಬ ಪ್ರಶ್ನೆಗೆ ಅವು ಕೊಟ್ಟುಕೊಂಡ ಉತ್ತರ ಒಂದಕ್ಕಿಂತ ಒಂದು ಬೇರೆ. ಕೆಲವು ಉತ್ತರ ರಕ್ತ ಹರಿದ ಮೇಲೆ ಬಂದಿವೆ. ಕೆಲವು ಕೋರ್ಟು ಹತ್ತಿ ಬಂದಿವೆ. ಮಹಿಳಾ ಮೀಸಲಾತಿ, ಕ್ಷೇತ್ರ ಮರುವಿಂಗಡಣೆ, ಪಕ್ಷಾಂತರ, ರಾಜ್ಯಗಳ ಪಾಲು ಎಂದು ನಾವು ಇವತ್ತು ಏನೇನು ಚರ್ಚಿಸುತ್ತಿದ್ದೇವೋ ಅವನ್ನೆಲ್ಲ ಅವರು ನಮ್ಮ ಕಣ್ಣೆದುರೇ ಪ್ರಯೋಗ ಮಾಡಿ ನೋಡಿದ್ದಾರೆ. ಗೆದ್ದಿದ್ದಾರೆ, ಸೋತಿದ್ದಾರೆ, ತಿದ್ದಿಕೊಂಡಿದ್ದಾರೆ. ಇದನ್ನು ಕನ್ನಡದ ಓದುಗರಿಗೆ ಹೇಳದೆ ಬಿಟ್ಟಿರುವುದೇ ನನ್ನ ದೂರು.

ಲೆಸೊಥೊ ದೇಶದ ಕತೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ತುಂಬ ಮುಖ್ಯ ಅನಿಸಿದ್ದು ಇದೇ. ಸುತ್ತಲೂ ದಕ್ಷಿಣ ಆಫ್ರಿಕಾ, ನಡುವೆ ಈ ಪುಟ್ಟ ಗುಡ್ಡಗಾಡು ದೇಶ. ಜನಸಂಖ್ಯೆ ಇಪ್ಪತ್ತು ಲಕ್ಷ ಚಿಲ್ಲರೆ. ಬ್ರಿಟಿಷರಿಂದ ನಾವು ಪಡೆದ ಚುನಾವಣಾ ಪದ್ಧತಿಯನ್ನೇ ಅವರೂ ಪಡೆದಿದ್ದರು. ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ಮತವೋ ಅವರು ಗೆದ್ದರು, ಉಳಿದ ಮತಕ್ಕೆಲ್ಲ ಏನೂ ಸಿಗುವುದಿಲ್ಲ. 1993ರಲ್ಲಿ ಒಂದು ಪಕ್ಷ ಶೇ 75ರಷ್ಟು ಮತ ಪಡೆದು ಇದ್ದ 65 ಸೀಟನ್ನೂ ಗೆದ್ದಿತು. ಸದನದಲ್ಲಿ ವಿರೋಧ ಪಕ್ಷವೇ ಇರಲಿಲ್ಲ. 1998ರ ಮೇ ತಿಂಗಳಲ್ಲಿ ಮತ್ತೆ ಚುನಾವಣೆ. ಈ ಸಲ ಲೆಸೊಥೊ ಕಾಂಗ್ರೆಸ್ ಫಾರ್ ಡೆಮಾಕ್ರಸಿ ಎಂಬ ಪಕ್ಷಕ್ಕೆ ಶೇ 60ರಷ್ಟು ಮತ, 80ರಲ್ಲಿ 79 ಸೀಟು. ಬಸೊಥೊ ನ್ಯಾಷನಲ್ ಪಾರ್ಟಿಗೆ ಹತ್ತಿರ ಹತ್ತಿರ ಕಾಲು ಭಾಗ ಮತ ಬಿದ್ದಿತ್ತು. ಸಿಕ್ಕಿದ್ದು ಒಂದೇ ಸೀಟು.

ಈ ಅಂಕಿಗಳನ್ನು ದೇಶದ ಹೆಸರು ಹೇಳದೆ ಕಪ್ಪುಹಲಗೆ ಮೇಲೆ ಬರೆದು, ಇದು ಎಲ್ಲಿಯದು ಹೇಳಿ ಎಂದು ಮಕ್ಕಳನ್ನು ಕೇಳಿದ್ದೆ. "ದೆಹಲಿ" ಎಂದರು. 2015ರಲ್ಲಿ ದೆಹಲಿ ವಿಧಾನಸಭೆಯಲ್ಲಿ ಶೇ 54 ಮತಕ್ಕೆ 70ರಲ್ಲಿ 67 ಸೀಟು ಬಂದಿದ್ದು ಅವರಿಗೆ ಗೊತ್ತಿತ್ತು. ಲೆಸೊಥೊ ಎಂದಾಗ ಅಟ್ಲಾಸ್ ತೆಗೆದರು.

ಮುಂದೆ ಆದದ್ದು ಭೀಕರ. ಸೋತ ಪಕ್ಷಗಳು ಮೋಸವಾಗಿದೆ ಎಂದು ಬೀದಿಗಿಳಿದವು. ಸಾವಿರಾರು ಜನ ರಾಜಧಾನಿ ಮಸೇರುವಿನ ಅರಮನೆ ಬಾಗಿಲಲ್ಲಿ ಧರಣಿ ಕೂತರು. ಸೈನ್ಯದೊಳಗೆ ದಂಗೆ ಎದ್ದಿತು. ಸೆಪ್ಟೆಂಬರ್ 22ರಂದು ದಕ್ಷಿಣ ಆಫ್ರಿಕಾದ ಪಡೆ ಗಡಿ ದಾಟಿ ಒಳಗೆ ಬಂತು, ಬೋಟ್ಸ್ವಾನಾದ ಸೈನಿಕರೂ ಬಂದರು. ಜನ ಸತ್ತರು. ಮಸೇರುವಿನ ಅಂಗಡಿ ಸಾಲುಗಳು ಲೂಟಿಯಾಗಿ ಸುಟ್ಟುಹೋದವು.

ನಮ್ಮ ಪತ್ರಿಕೆಗಳ ಲೆಕ್ಕದಲ್ಲಿ ಸುದ್ದಿ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಸುದ್ದಿ ಶುರುವಾಗುವುದು ಇಲ್ಲಿಂದ. ಬೆಂಕಿ ಆರಿದ ಮೇಲೆ ಎಲ್ಲ ಪಕ್ಷದವರೂ ಒಂದು ಮಧ್ಯಂತರ ಸಮಿತಿಯಲ್ಲಿ ಕೂತರು. ವರ್ಷಗಟ್ಟಲೆ ಜಗಳವಾಡಿದರು. ಕೊನೆಗೆ ಚುನಾವಣಾ ಪದ್ಧತಿಯನ್ನೇ ಬದಲಾಯಿಸಿದರು. 80 ಕ್ಷೇತ್ರ ಹಾಗೆಯೇ ಇರಲಿ, ಅದಕ್ಕೆ 40 ಸೀಟು ಹೊಸದಾಗಿ ಸೇರಲಿ ಎಂದರು. ಆ 40 ಸೀಟಿನ ಕೆಲಸ ಸರಿದೂಗಿಸುವುದು. ದೇಶದಾದ್ಯಂತ ಒಂದು ಪಕ್ಷಕ್ಕೆ ಬಿದ್ದ ಮತದ ಪ್ರಮಾಣ ನೋಡಬೇಕು. ಆ ಪ್ರಮಾಣಕ್ಕೆ 120ರ ಸದನದಲ್ಲಿ ಎಷ್ಟು ಸೀಟು ನ್ಯಾಯವಾಗಿ ಬರಬೇಕು ಎಂದು ಲೆಕ್ಕ ಹಾಕಬೇಕು. ಅದರಲ್ಲಿ ಕ್ಷೇತ್ರಗಳಲ್ಲಿ ಗೆದ್ದದ್ದನ್ನು ಕಳೆಯಬೇಕು. ಕೊರತೆ ಬಿದ್ದಷ್ಟನ್ನು ಪಕ್ಷ ಮೊದಲೇ ಕೊಟ್ಟ ಹೆಸರುಗಳ ಪಟ್ಟಿಯಿಂದ ತುಂಬಬೇಕು. ಕ್ಷೇತ್ರಗಳಲ್ಲೇ ತನ್ನ ಪಾಲಿಗಿಂತ ಜಾಸ್ತಿ ಗೆದ್ದವರಿಗೆ ಪಟ್ಟಿಯಿಂದ ಏನೂ ಇಲ್ಲ. 2002ರಲ್ಲಿ ಇದೇ ಪದ್ಧತಿಯಲ್ಲಿ ಚುನಾವಣೆ ನಡೆಯಿತು. 1998ರಲ್ಲಿ ಗೆದ್ದ ಪಕ್ಷವೇ ಹೆಚ್ಚುಕಮ್ಮಿ ಎಲ್ಲ ಕ್ಷೇತ್ರ ಗೆದ್ದಿತು. ಆದರೆ ಈ ಸಲ ಬಸೊಥೊ ನ್ಯಾಷನಲ್ ಪಾರ್ಟಿಯ 21 ಜನ ಸದನದೊಳಗೆ ಕೂತರು. ನಾಲ್ಕು ವರ್ಷದ ಹಿಂದೆ ಹೆಚ್ಚುಕಮ್ಮಿ ಅಷ್ಟೇ ಪಾಲು ಮತಕ್ಕೆ ಒಂದು ಸೀಟು ಸಿಕ್ಕಿತ್ತು.

ಇದರಲ್ಲೂ ಕಳ್ಳದಾರಿ ಹುಡುಕಿದರು. ಆಗ ಮತದಾರನ ಕೈಗೆ ಎರಡು ಮತಪತ್ರ ಕೊಡುತ್ತಿದ್ದರು, ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. 2007ರಲ್ಲಿ ದೊಡ್ಡ ಪಕ್ಷಗಳು ಕ್ಷೇತ್ರದ ಮತ ನಮಗೆ ಹಾಕಿ, ಪಕ್ಷದ ಮತ ನಮ್ಮ ಮಿತ್ರಪಕ್ಷಕ್ಕೆ ಹಾಕಿ ಎಂದು ಬೆಂಬಲಿಗರಿಗೆ ಹೇಳಿಕೊಟ್ಟವು. ಹಾಗಾಗಿ ಒಂದೂ ಕ್ಷೇತ್ರ ಗೆಲ್ಲದ ಮಿತ್ರಪಕ್ಷಕ್ಕೆ 21 ಸೀಟು ಬಂತು. ಸರಿದೂಗಿಸುವ ಉದ್ದೇಶವೇ ಕೆಟ್ಟಿತು. ಮತ್ತೆ ಜಗಳ, ಮತ್ತೆ ಮಾತುಕತೆ. 2012ರ ಚುನಾವಣೆಗೆ ಮೊದಲು ಕಾನೂನು ತಿದ್ದಿ ಒಂದೇ ಮತಪತ್ರ ಮಾಡಿದರು. ಆ ವರ್ಷ ಯಾರಿಗೂ ಬಹುಮತ ಬರಲಿಲ್ಲ. ಸಮ್ಮಿಶ್ರ ಸರ್ಕಾರ ಬಂತು, ಅಧಿಕಾರ ಶಾಂತಿಯಿಂದ ಕೈ ಬದಲಾಯಿತು. ಆಮೇಲೆ ಎಲ್ಲ ಚೆನ್ನಾಗಿಯೇ ಇದೆ ಎಂದಲ್ಲ. ಸಮ್ಮಿಶ್ರ ಸರ್ಕಾರಗಳು ಮುರಿದು 2015, 2017ರಲ್ಲಿ ಅವಧಿಗೆ ಮೊದಲೇ ಚುನಾವಣೆಗಳಾದವು. ಆದರೂ ಕಾಲು ಭಾಗ ಜನರ ಮತ ಸದನದಿಂದ ಮಾಯವಾಗುವ ಪರಿಸ್ಥಿತಿ ಹೋಯಿತು.

ಹಾಗೆ ತಿದ್ದಿಕೊಳ್ಳದ ಹತ್ತಿರದ ಇನ್ನೊಂದು ದೇಶವನ್ನೂ ನೋಡಿ. ಬೋಟ್ಸ್ವಾನಾದಲ್ಲಿ ಇವತ್ತಿಗೂ ನಮ್ಮ ಪದ್ಧತಿಯೇ ಇದೆ. 1966ರಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಒಂದೇ ಪಕ್ಷ ಆಳುತ್ತಿತ್ತು. 2024ರ ಅಕ್ಟೋಬರ್ 30ರಂದು ಅದು ಸೋತಿತು. ಅಧ್ಯಕ್ಷ ಮಾಸಿಸಿ ಸೋಲೊಪ್ಪಿಕೊಂಡು ಅಧಿಕಾರ ಬಿಟ್ಟುಕೊಟ್ಟರು, ಡೂಮಾ ಬೊಕೊ ಅಧ್ಯಕ್ಷರಾದರು. ಇದೇ ಒಂದು ದೊಡ್ಡ ಸುದ್ದಿ. ಅಂಕಿಗಳು ಇನ್ನೂ ದೊಡ್ಡ ಸುದ್ದಿ. ಸೋತ ಪಕ್ಷಕ್ಕೆ ಹತ್ತಿರ ಹತ್ತಿರ ಶೇ 30 ಮತ ಬಿದ್ದಿತ್ತು. 61 ಕ್ಷೇತ್ರಗಳಲ್ಲಿ ಅದು ಗೆದ್ದದ್ದು ನಾಲ್ಕು. ಅದಕ್ಕಿಂತ ಕಡಿಮೆ ಮತ ಪಡೆದ ಇನ್ನೊಂದು ಪಕ್ಷಕ್ಕೆ 15 ಸೀಟು ಬಂತು. ದಶಕಗಳ ಕಾಲ ಯಾವ ಪದ್ಧತಿಯಿಂದ ಲಾಭ ಪಡೆದಿತ್ತೋ ಅದೇ ಪದ್ಧತಿ ಆ ಪಕ್ಷವನ್ನು ನೆಲಕ್ಕೆ ಕೆಡವಿತು. ನಮ್ಮ ಪಕ್ಷಗಳೆಲ್ಲ ಕೂತು ಓದಬೇಕಾದ ಸುದ್ದಿ ಇದು. ಕನ್ನಡದಲ್ಲಿ ಓದಲು ನನಗೆ ಸಿಗಲಿಲ್ಲ.

ಇನ್ನು ಮಹಿಳೆಯರ ಸೀಟಿನ ವಿಚಾರ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಂಸತ್ತು ಮೂರನೇ ಒಂದು ಭಾಗ ಮೀಸಲಾತಿಗೆ ಒಪ್ಪಿಗೆ ಕೊಟ್ಟಿತು. ಆದರೆ ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಜಾರಿ ಎಂದು ಅದರಲ್ಲೇ ಬರೆದರು. 2024ರಲ್ಲಿ 543ರ ಲೋಕಸಭೆಗೆ 74 ಮಹಿಳೆಯರು ಆಯ್ಕೆಯಾದರು. ಈ ಚರ್ಚೆ ಕನ್ನಡದಲ್ಲಿ ನಡೆದಾಗಲೆಲ್ಲ ನಾನು ಕಾದು ನೋಡುತ್ತೇನೆ, ಯಾರಾದರೂ ಕೀನ್ಯಾ ಹೆಸರೆತ್ತುತ್ತಾರಾ ಎಂದು.

ಕೀನ್ಯಾ 2010ರ ಆಗಸ್ಟ್‌ನಲ್ಲಿ ಹೊಸ ಸಂವಿಧಾನ ತಂದಿತು. ಚುನಾಯಿತ ಸಂಸ್ಥೆಗಳಲ್ಲಿ ಒಂದೇ ಲಿಂಗದವರು ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಇರಬಾರದು ಎಂದು ಅದರಲ್ಲಿ ಬರೆದರು. ಕೆಳಮನೆಯಲ್ಲಿ 290 ಕ್ಷೇತ್ರಗಳ ಸದಸ್ಯರು. ಅದರ ಜೊತೆಗೆ ದೇಶದ 47 ಕೌಂಟಿಗಳಿಂದ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳು) ಒಬ್ಬೊಬ್ಬ ಮಹಿಳೆ, ನಾಮನಿರ್ದೇಶಿತರು 12. ಸೆನೆಟ್‌ನಲ್ಲಿ ಕೌಂಟಿಗೊಬ್ಬರಂತೆ 47 ಜನ, ಪಕ್ಷಗಳ ಬಲದ ಪ್ರಕಾರ ಬರುವ 16 ಮಹಿಳೆಯರು, ಯುವಜನರ ಪರವಾಗಿ ಇಬ್ಬರು, ಅಂಗವಿಕಲರ ಪರವಾಗಿ ಇಬ್ಬರು. ಅಲ್ಲಿನ ಮತದಾರ ಒಂದೇ ದಿನ ಆರು ಮತ ಹಾಕುತ್ತಾನೆ: ಅಧ್ಯಕ್ಷ, ಗವರ್ನರ್, ಸೆನೆಟರ್, ಕ್ಷೇತ್ರದ ಸಂಸದ, ಕೌಂಟಿಯ ಮಹಿಳಾ ಪ್ರತಿನಿಧಿ, ಕೌಂಟಿ ಸಭೆಯ ಸದಸ್ಯ. ಆರು ಮತಪತ್ರಕ್ಕೆ ಆರು ಬಣ್ಣ, ಆರು ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳದ ಬಣ್ಣ ನೋಡಿ ಹಾಕಬೇಕು. ಕೌಂಟಿಯ ಮಹಿಳಾ ಪ್ರತಿನಿಧಿಗೆ ಇಡೀ ಕೌಂಟಿಯ ಗಂಡಸರೂ ಹೆಂಗಸರೂ ಮತ ಹಾಕುತ್ತಾರೆ. ನೈರೋಬಿ ಕೌಂಟಿಯಲ್ಲಿ 17 ಸಂಸತ್ ಕ್ಷೇತ್ರಗಳಿವೆ. ಅಲ್ಲಿನ ಮಹಿಳಾ ಪ್ರತಿನಿಧಿ ಆ ಹದಿನೇಳರಲ್ಲೂ ಓಡಾಡಿ ಮತ ಕೇಳಬೇಕು.

ಇಷ್ಟೆಲ್ಲ ಮಾಡಿದರೂ ಮೂರನೇ ಒಂದು ಭಾಗ ತಲುಪಲಿಲ್ಲ. ಕಾರಣ ಇಷ್ಟೇ, 290 ಸಾಮಾನ್ಯ ಕ್ಷೇತ್ರಗಳಲ್ಲಿ ಪಕ್ಷಗಳು ಹೆಂಗಸರಿಗೆ ಟಿಕೆಟ್ ಕೊಡುವುದಿಲ್ಲ. ನಿಮಗೆ ಪ್ರತ್ಯೇಕ ಸೀಟು ಇದೆಯಲ್ಲ, ಅಲ್ಲಿ ನಿಲ್ಲಿ ಎನ್ನುತ್ತವೆ. 2022ರಲ್ಲಿ ಆ 290ರಲ್ಲಿ ಗೆದ್ದ ಮಹಿಳೆಯರು ಮೂವತ್ತರ ಆಸುಪಾಸು. ಇಡೀ ಸದನ ತೆಗೆದುಕೊಂಡರೂ ಕಾಲು ಭಾಗ ದಾಟಲಿಲ್ಲ. 2012ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ 2015ರ ಆಗಸ್ಟ್ ಒಳಗೆ ಕಾನೂನು ಮಾಡಿ ಎಂದು ಗಡುವು ಕೊಟ್ಟಿತ್ತು. ಮಸೂದೆ ಬರುತ್ತಿತ್ತು, ಮತದಾನದ ದಿನ ಸದಸ್ಯರೇ ಇರುತ್ತಿರಲಿಲ್ಲ. 2019ರ ಫೆಬ್ರುವರಿಯಲ್ಲೂ ಹಾಗೇ ಆಯಿತು. ಸಂವಿಧಾನ ತಿದ್ದುಪಡಿಗೆ 233 ಮತ ಬೇಕಿತ್ತು, ಅಷ್ಟು ಜನ ಬರಲಿಲ್ಲ. ವಿರೋಧಿಸಿ ಮಾತಾಡಿದರೆ ಕೆಟ್ಟ ಹೆಸರು ಬರುತ್ತದೆ, ಗೈರುಹಾಜರಾದರೆ ಯಾರೂ ಕೇಳುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗ ಅಧ್ಯಕ್ಷರಿಗೆ ಲಿಖಿತ ಸಲಹೆ ಕೊಟ್ಟರು: ಸಂವಿಧಾನ ಹೇಳಿದ ಕಾನೂನು ಮಾಡದ ಈ ಸಂಸತ್ತನ್ನು ವಿಸರ್ಜಿಸಿ. ಒಂದು ದೇಶದ ಮುಖ್ಯ ನ್ಯಾಯಮೂರ್ತಿ ಮಹಿಳೆಯರ ಪಾಲಿಗಾಗಿ ಇಡೀ ಸಂಸತ್ತನ್ನೇ ಮನೆಗೆ ಕಳಿಸಿ ಎಂದಿದ್ದನ್ನು ನೀವು ಬೇರೆಲ್ಲಾದರೂ ಕೇಳಿದ್ದೀರಾ? ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ವಿಸರ್ಜನೆ ಆಗಲಿಲ್ಲ. ಆದರೆ ಕಾನೂನು ಬರೆದು ಜಾರಿಯನ್ನು ಮುಂದಕ್ಕೆ ಹಾಕಿದರೆ ಏನಾಗುತ್ತದೆ ಎಂದು ತಿಳಿಯಲು ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದಿಲ್ಲ.

ಸೆನೆಗಲ್ ಬೇರೆ ದಾರಿ ಹಿಡಿಯಿತು. 2010ರ ಕಾನೂನಿನ ಪ್ರಕಾರ ಪಕ್ಷಗಳ ಪಟ್ಟಿಯಲ್ಲಿ ಒಂದು ಗಂಡು, ಒಂದು ಹೆಣ್ಣು ಎಂದು ಹೆಸರುಗಳು ಸರದಿಯಲ್ಲೇ ಬರಬೇಕು. ಪಟ್ಟಿಯ ಕೆಳಗೆ ಹೆಂಗಸರ ಹೆಸರು ತುರುಕಿ ಸುಮ್ಮನಾಗುವ ಹಾಗಿಲ್ಲ. 2012ರ ಚುನಾವಣೆಯಲ್ಲೇ ಸದನದಲ್ಲಿ ಶೇ 40ಕ್ಕಿಂತ ಜಾಸ್ತಿ ಮಹಿಳೆಯರು ಬಂದರು. ಸೆನೆಗಲ್‌ನ ಇನ್ನೊಂದು ವಿಷಯ ಹೊರದೇಶದಲ್ಲಿರುವ ಕನ್ನಡಿಗರಿಗೆ ಹಿಡಿಸಬಹುದು. ಅಲ್ಲಿನ 165 ಸೀಟುಗಳಲ್ಲಿ 15 ಸೀಟು ವಿದೇಶದಲ್ಲಿರುವ ಸೆನೆಗಲ್ ಪ್ರಜೆಗಳಿಗೇ ಮೀಸಲು. ಅವರು ಇದ್ದಲ್ಲೇ ಮತ ಹಾಕಿ ತಮ್ಮ ಸಂಸದರನ್ನು ಆರಿಸುತ್ತಾರೆ. ನಮ್ಮ ಅನಿವಾಸಿ ಮತದಾರರು ಮತ ಹಾಕಬೇಕಾದರೆ ಊರಿಗೇ ಬರಬೇಕು.

ರುವಾಂಡಾ ಬಗ್ಗೆ ಎಚ್ಚರಿಕೆಯಿಂದ ಬರೆಯಬೇಕು. ಮಹಿಳಾ ದಿನಾಚರಣೆ ಬಂದಾಗ ಮಾತ್ರ ಅದರ ಹೆಸರು ನಮ್ಮ ಪತ್ರಿಕೆಗಳಲ್ಲಿ ಕಾಣುತ್ತದೆ, ಜಗತ್ತಿನಲ್ಲೇ ಅತಿ ಹೆಚ್ಚು ಮಹಿಳಾ ಸಂಸದರು ಎಂದು. ಸುಳ್ಳಲ್ಲ. 80 ಸೀಟುಗಳ ಸದನದಲ್ಲಿ 53 ಪಕ್ಷಗಳ ಪಟ್ಟಿಯಿಂದ ತುಂಬುತ್ತವೆ. 24 ಸೀಟು ಮಹಿಳೆಯರಿಗೆ, ಅವರನ್ನು ಸ್ಥಳೀಯ ಮತ್ತು ಮಹಿಳಾ ಸಮಿತಿಗಳವರು ಸೇರಿ ಆರಿಸುತ್ತಾರೆ. ಇಬ್ಬರು ಯುವಜನರ ಪ್ರತಿನಿಧಿಗಳು, ಒಬ್ಬರು ಅಂಗವಿಕಲರ ಪ್ರತಿನಿಧಿ. 2008ರಲ್ಲಿ ಮಹಿಳೆಯರು ಅರ್ಧಕ್ಕಿಂತ ಜಾಸ್ತಿ ಇರುವ ಮೊದಲ ಸಂಸತ್ತು ಅದಾಯಿತು, 2024ರಲ್ಲಿ 51 ಜನ ಆಯ್ಕೆಯಾದರು. ಆದರೆ ಅದೇ 2024ರಲ್ಲಿ ಅಧ್ಯಕ್ಷ ಪೌಲ್ ಕಗಾಮೆ ಅವರಿಗೆ ಶೇ 99ರಷ್ಟು ಮತ ಬಂತು ಎಂಬುದನ್ನೂ ಅದೇ ವರದಿಯಲ್ಲಿ ಬರೆಯಬೇಕಲ್ವಾ? ಸದನದಲ್ಲಿ ಎಷ್ಟು ಹೆಂಗಸರಿದ್ದಾರೆ ಎಂಬುದು ಒಂದು ಪ್ರಶ್ನೆ. ಆ ಸದನ ಸರ್ಕಾರಕ್ಕೆ ಬೇಡ ಎಂದು ಹೇಳಬಲ್ಲದೇ ಎಂಬುದು ಇನ್ನೊಂದು. ಎರಡನ್ನೂ ಓದುಗರ ಮುಂದಿಡಿ. ನಿರ್ಧಾರ ಅವರಿಗೆ ಬಿಡಿ.

ಕ್ಷೇತ್ರ ಮರುವಿಂಗಡಣೆ ಆದರೆ ಕರ್ನಾಟಕದ ಪಾಲು ತಗ್ಗುತ್ತದೆ ಎಂದು ಈಚೆಗೆ ನಿಮ್ಮಲ್ಲೇ ಎಷ್ಟೊಂದು ಲೇಖನಗಳು ಬಂದವು. ಸರಿಯಾದ ಚರ್ಚೆಯೇ. ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ನಮಗೆ 12 ಸೀಟು. ಚಿಕ್ಕ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಸಮಪಾಲು ಕೊಡುವ ಮೇಲ್ಮನೆ ಎಂದ ಕೂಡಲೇ ಎಲ್ಲರೂ ಅಮೆರಿಕದ ಸೆನೆಟ್ ಹೆಸರು ಹೇಳುತ್ತಾರೆ. ನೈಜೀರಿಯಾದಲ್ಲೂ ಅದೇ ವ್ಯವಸ್ಥೆ ಇದೆ, ನಮ್ಮ ಹಾಗೇ ನೂರಾರು ಭಾಷೆಗಳ ದೇಶ ಅದು. ಕೆಳಮನೆಯ 360 ಸೀಟುಗಳಲ್ಲಿ ಲಾಗೋಸ್ ರಾಜ್ಯಕ್ಕೆ 24, ಬಯೆಲ್ಸಾ ರಾಜ್ಯಕ್ಕೆ ಬರೀ 5. ಸೆನೆಟ್‌ನಲ್ಲಿ ಎರಡಕ್ಕೂ ಮೂರು ಮೂರೇ. 36 ರಾಜ್ಯಗಳಿಗೆ 108, ರಾಜಧಾನಿ ಅಬುಜಾಕ್ಕೆ ಒಂದು, ಒಟ್ಟು 109. ದಕ್ಷಿಣ ಆಫ್ರಿಕಾದ ಮೇಲ್ಮನೆಯಲ್ಲೂ ಒಂಬತ್ತು ಪ್ರಾಂತ್ಯಗಳಿಗೆ ತಲಾ ಹತ್ತು ಸ್ಥಾನ. ಇಥಿಯೋಪಿಯಾದ ಮೇಲ್ಮನೆಯಲ್ಲಿ ಪ್ರತಿ ಜನಾಂಗಕ್ಕೂ ಕನಿಷ್ಠ ಒಂದು ಸ್ಥಾನ, ಆಮೇಲೆ ಪ್ರತಿ ಹತ್ತು ಲಕ್ಷ ಜನಕ್ಕೆ ಇನ್ನೊಂದು. ಸಂವಿಧಾನದ ಅರ್ಥ ಏನು ಎಂದು ತೀರ್ಮಾನ ಹೇಳುವ ಅಧಿಕಾರವೂ ಅಲ್ಲಿ ಕೋರ್ಟಿಗಲ್ಲ, ಆ ಮೇಲ್ಮನೆಗೇ ಇದೆ. ಇವುಗಳಿಂದ ಚಿಕ್ಕ ರಾಜ್ಯಗಳಿಗೆ, ಚಿಕ್ಕ ಜನಾಂಗಗಳಿಗೆ ನಿಜಕ್ಕೂ ಬಲ ಬಂದಿದೆಯೇ? ಒಂದು ಒಳ್ಳೆಯ ಲೇಖನ ಮಾಲೆಗೆ ಇಷ್ಟು ಸಾಕು.

ಪಕ್ಷಾಂತರದ್ದೂ ಹಾಗೇ. 2019ರಲ್ಲಿ ನಮ್ಮಲ್ಲಿ ಸರ್ಕಾರ ಬಿತ್ತು, 17 ಶಾಸಕರು ಅನರ್ಹರಾದರು, ಉಪಚುನಾವಣೆ ನಡೆಯಿತು. ದಕ್ಷಿಣ ಆಫ್ರಿಕಾದಲ್ಲಿ ಕೆಲವು ವರ್ಷ, ಅವಧಿಯಲ್ಲಿ ಎರಡು ಸಲ, ಹದಿನೈದು ದಿನಗಳ ಕಾಲ ಪಕ್ಷ ಬದಲಾಯಿಸಲು ಕಾನೂನೇ ಅವಕಾಶ ಕೊಟ್ಟಿತ್ತು. ಅದರ ಲಾಭ ಆಗಿದ್ದು ದೊಡ್ಡ ಪಕ್ಷಕ್ಕೆ. ಜನ ರೊಚ್ಚಿಗೆದ್ದರು, 2009ರಲ್ಲಿ ಅದನ್ನು ರದ್ದು ಮಾಡಿದರು. ಅಲ್ಲಿ ಪಕ್ಷದ ಪಟ್ಟಿಗೇ ಮತ. ಸದಸ್ಯ ರಾಜೀನಾಮೆ ಕೊಟ್ಟರೆ ಉಪಚುನಾವಣೆ ಇಲ್ಲ, ಆ ಜಾಗಕ್ಕೆ ಪಕ್ಷದ ಪಟ್ಟಿಯಿಂದಲೇ ಇನ್ನೊಬ್ಬರು ಬರುತ್ತಾರೆ. ಹಾಗಾದರೆ ನಮ್ಮ ಊರಿನ ಸಂಸದ ಯಾರು, ಯಾರ ಮನೆ ಬಾಗಿಲು ತಟ್ಟಬೇಕು ಎಂಬ ಕೊರಗು ಅಲ್ಲಿನವರಿಗೆ ಇದ್ದೇ ಇದೆ. 2020ರಲ್ಲಿ ಸಂವಿಧಾನ ಕೋರ್ಟು ಪಕ್ಷೇತರರಿಗೂ ಅವಕಾಶ ಕೊಡಲೇಬೇಕು ಎಂದ ಮೇಲೆ 2024ರಲ್ಲಿ ಮೊದಲ ಸಲ ಪಕ್ಷೇತರರು ಸಂಸತ್ತಿಗೆ ಸ್ಪರ್ಧಿಸಿದರು.

ಮಾರಿಷಸ್‌ಗೆ ನಮ್ಮವರು ಪ್ರವಾಸ ಹೋಗುತ್ತಾರೆ, ಮದುವೆಯಾದವರು ಮಧುಚಂದ್ರಕ್ಕೆ ಹೋಗುತ್ತಾರೆ. ಅಲ್ಲಿನ ಸಂಸತ್ತಿನ ಲೆಕ್ಕ ಎಷ್ಟು ಜನರಿಗೆ ಗೊತ್ತು? 62 ಜನ ನೇರ ಆಯ್ಕೆ. ಆಮೇಲೆ ಸೋತವರಲ್ಲೇ ಹೆಚ್ಚು ಮತ ಪಡೆದ ಎಂಟು ಜನರವರೆಗೆ ಸೀಟು ಕೊಡಬಹುದು. ಯಾವ ಸಮುದಾಯಕ್ಕೆ ಪಾಲು ಕಮ್ಮಿಯಾಗಿದೆ ಎಂದು ನೋಡಿ ಕೊಡುತ್ತಾರೆ. ಆ ಲೆಕ್ಕಕ್ಕೆ ಇವತ್ತಿಗೂ ಆಧಾರ 1972ರ ಜನಗಣತಿ, ಯಾಕೆಂದರೆ ಆಮೇಲೆ ಅಲ್ಲಿ ಸಮುದಾಯವಾರು ಗಣತಿ ಮಾಡಿಲ್ಲ. ಜಾತಿ ಗಣತಿಯ ಬಗ್ಗೆ ಇಷ್ಟು ಮಾತಾಡುವ ನಮ್ಮ ನಾಡಿಗೆ ಇದು ದೂರದ ಸುದ್ದಿಯೇ? 2024ರ ನವೆಂಬರ್‌ನಲ್ಲಿ ಮುಖ್ಯ ದ್ವೀಪದ 60 ಸೀಟನ್ನೂ ಒಂದೇ ಮೈತ್ರಿಕೂಟ ಗೆದ್ದಿತು. ಅಲ್ಲಿ ಸೋತ ವಿರೋಧಿಗಳಿಗೆ ಸದನದಲ್ಲಿ ಜಾಗ ಸಿಕ್ಕಿದ್ದು ಈ ಎಂಟರ ನಿಯಮದಿಂದಲೇ.

ಗ್ಯಾಂಬಿಯಾದಲ್ಲಿ ಮತಪತ್ರವೇ ಇಲ್ಲ. ಸ್ವಾತಂತ್ರ್ಯದ ಕಾಲದಿಂದಲೂ ಗೋಲಿಯಿಂದ ಮತ ಹಾಕುತ್ತಾರೆ. ಮತದಾರನ ಕೈಗೆ ಒಂದು ಗೋಲಿ ಕೊಡುತ್ತಾರೆ. ಮರೆಯಲ್ಲಿ ಅಭ್ಯರ್ಥಿಗೊಂದರಂತೆ ಬಣ್ಣ ಬಳಿದ ತಗಡಿನ ಡ್ರಮ್ಮುಗಳು, ಮೇಲೆ ಅಭ್ಯರ್ಥಿಯ ಫೋಟೊ ಮತ್ತು ಗುರುತು. ಡ್ರಮ್ಮಿನ ಮೇಲಿನ ಕೊಳವೆಯೊಳಗೆ ಗೋಲಿ ಬಿಡಬೇಕು. ಒಳಗೆ ಒಂದು ಗಂಟೆ ಇರುತ್ತದೆ, ಗೋಲಿ ತಾಗಿ ಟಣ್ ಎನ್ನುತ್ತದೆ. ಎರಡು ಸಲ ಸದ್ದಾದರೆ ಹೊರಗೆ ಕೂತ ಅಧಿಕಾರಿಗೆ ಗೊತ್ತಾಗುತ್ತದೆ. ಕೆಳಗೆ ಬಿದ್ದ ಗೋಲಿ ಇನ್ನೊಂದು ಗೋಲಿಗೆ ತಾಗಿ ಸದ್ದಾಗದಿರಲಿ ಎಂದು ಡ್ರಮ್ಮಿನ ತಳಕ್ಕೆ ಮರಳು ಹಾಕಿರುತ್ತಾರೆ. ಗಂಟೆಯ ಸದ್ದಿನ ಜೊತೆ ಬೆರೆಯಬಾರದೆಂದು ಮತಗಟ್ಟೆಯ ಹತ್ತಿರ ಸೈಕಲ್ಲನ್ನೂ ಬಿಡುವುದಿಲ್ಲ. ಓದು ಬಾರದವರ ಮತ ಹಾಳಾಗಬಾರದು ಎಂದು ಮಾಡಿಕೊಂಡ ಏರ್ಪಾಟು ಇದು. 2022ರ ಏಪ್ರಿಲ್‌ನ ಸಂಸತ್ ಚುನಾವಣೆಯೂ ಹೀಗೇ ನಡೆಯಿತು. ವಿಚಿತ್ರ ಸುದ್ದಿ ಎಂದು ಇದನ್ನು ಹಾಕಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಪಕ್ಷಕ್ಕೊಂದು ಚಿಹ್ನೆ ಕೊಟ್ಟಿದ್ದೂ ಇದೇ ಕಾಳಜಿಯಿಂದ.

ಮಾನ್ಯರೇ, ಆಫ್ರಿಕಾವನ್ನು ಹೊಗಳಿ ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ಉಗಾಂಡದ ಸಂಸತ್ತಿನಲ್ಲಿ ಇವತ್ತಿಗೂ ಸೈನ್ಯದ ಹತ್ತು ಪ್ರತಿನಿಧಿಗಳು ಕೂರುತ್ತಾರೆ. ಎಸ್ವಾಟಿನಿಯಲ್ಲಿ ಪಕ್ಷದ ಹೆಸರಿನಲ್ಲಿ ಸ್ಪರ್ಧಿಸುವಂತಿಲ್ಲ, 30 ಸ್ಥಾನದ ಸೆನೆಟ್‌ನಲ್ಲಿ 20 ಜನರನ್ನು ರಾಜನೇ ನೇಮಿಸುತ್ತಾನೆ. ಮಾಲಿಯಲ್ಲಿ 2020ರಲ್ಲಿ, ನೈಜರ್‌ನಲ್ಲಿ 2023ರಲ್ಲಿ ಸೈನಿಕರು ಬಂದು ಚುನಾಯಿತ ಸಂಸತ್ತನ್ನು ಮುಚ್ಚಿದರು. ಇವನ್ನು ಬರೆಯಲೇಬೇಕು. ಆದರೆ ಮುಚ್ಚಿದ್ದು ಏನನ್ನು ಎಂದು ಗೊತ್ತಿಲ್ಲದ ಓದುಗರಿಗೆ ನಷ್ಟ ಏನಾಯಿತು ಎಂದು ಹೇಗೆ ತಿಳಿಯಬೇಕು?

ಹಾಗಾಗಿ ನನ್ನ ಕೋರಿಕೆಗಳು ಇವು. ದಯವಿಟ್ಟು "ಆಫ್ರಿಕಾದಲ್ಲಿ ಚುನಾವಣೆ", "ಆಫ್ರಿಕಾದಲ್ಲಿ ಗಲಭೆ" ಎಂಬ ತಲೆಬರಹ ಬಿಡಿ. ದೇಶದ ಹೆಸರು ಹಾಕಿ, ಪಕ್ಕದಲ್ಲೊಂದು ಚಿಕ್ಕ ನಕ್ಷೆ ಹಾಕಿ. ಫಲಿತಾಂಶ ಬಂದಾಗ ಯಾರು ಅಧ್ಯಕ್ಷರಾದರು ಎಂಬಲ್ಲಿಗೆ ನಿಲ್ಲಿಸಬೇಡಿ. ಸಂಸತ್ತಿನಲ್ಲಿ ಎಷ್ಟು ಸೀಟು, ಎಷ್ಟು ಮತಕ್ಕೆ ಎಷ್ಟು ಸೀಟು ಬಂತು, ಹೆಂಗಸರು ಎಷ್ಟು, ನೇಮಕಗೊಂಡವರು ಎಷ್ಟು ಎಂದು ನಾಲ್ಕು ಸಾಲು ಸೇರಿಸಿ. ಒಂದು ಚಿಕ್ಕ ಪಟ್ಟಿ ಸಾಕು, ನನ್ನಂಥ ಶಿಕ್ಷಕರು ಅದನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಹಚ್ಚುತ್ತೇವೆ. ವಿದೇಶಿ ಸುದ್ದಿ ಸಂಸ್ಥೆ ಕಳಿಸಿದ ಮೂರು ಸಾಲನ್ನು ಅನುವಾದಿಸಿ ಕೈ ತೊಳೆದುಕೊಳ್ಳಬೇಡಿ. ನೈರೋಬಿ, ಕಂಪಾಲಾ, ದಾರ್ ಎಸ್ ಸಲಾಮ್, ಜೋಹಾನ್ಸ್‌ಬರ್ಗ್ ಊರುಗಳಲ್ಲಿ ದುಡಿಯುವ ಕನ್ನಡಿಗರಿದ್ದಾರೆ. ಮತದಾನದ ದಿನ ಅಲ್ಲಿನ ಸಾಲು ಹೇಗಿತ್ತು, ಪಕ್ಕದ ಮನೆಯವರು ಏನೆಂದರು ಎಂದು ಅವರಿಂದ ಬರೆಸಿ. ಬೆಂಗಳೂರಿನ ಕಾಲೇಜುಗಳಲ್ಲಿ ಆಫ್ರಿಕಾದ ಎಷ್ಟೋ ದೇಶಗಳ ವಿದ್ಯಾರ್ಥಿಗಳು ಓದುತ್ತಿದ್ದಾರೆ. ಏನಾದರೂ ಗಲಾಟೆಯಾದಾಗ ಮಾತ್ರ ಅವರ ಹತ್ತಿರ ಮೈಕ್ ಹಿಡಿದುಕೊಂಡು ಹೋಗುವುದು ಬೇಡ. ನಿಮ್ಮ ದೇಶದ ಚುನಾವಣೆ ಬಗ್ಗೆ ಹೇಳಿ ಎಂದೂ ಒಮ್ಮೆ ಕೇಳಿ.

ಕೀನ್ಯಾದಲ್ಲಿ ಐದು ವರ್ಷಕ್ಕೊಮ್ಮೆ ಆಗಸ್ಟ್ ತಿಂಗಳ ಎರಡನೇ ಮಂಗಳವಾರ ಚುನಾವಣೆ ನಡೆಯಬೇಕು ಎಂದು ಸಂವಿಧಾನವೇ ದಿನ ಗೊತ್ತುಮಾಡಿದೆ. ಮುಂದಿನ ಚುನಾವಣೆ 2027ರ ಆಗಸ್ಟ್ 10ಕ್ಕೆ ಬರುತ್ತದೆ. 2024ರ ಜೂನ್ 25ರಂದು ತೆರಿಗೆ ಮಸೂದೆ ವಿರೋಧಿಸಿ ಸಂಸತ್ತಿನ ಒಳಗೇ ನುಗ್ಗಿದ ಯುವಕ ಯುವತಿಯರು ಅಂದು ಮತ ಹಾಕುತ್ತಾರೆ. ತಯಾರಾಗಲು ನಿಮಗೆ ಸಮಯವಿದೆ. ಆ ದಿನದ ಪತ್ರಿಕೆಯಲ್ಲಿ ಆ ಆರು ಮತಪತ್ರಗಳ ಬಗ್ಗೆ ಒಂದು ಪುಟ ಕೊಡಿ. ಟಿಪ್ಪಣಿ ಬೇಕಾದರೆ ಕೇಳಿ, ಸಂಭಾವನೆ ಬೇಡ, ನಾನು ಮತ್ತು ನನ್ನ ವಿದ್ಯಾರ್ಥಿಗಳು ಸೇರಿ ಬರೆದುಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ರಾಜ್ಯಶಾಸ್ತ್ರ ಉಪನ್ಯಾಸಕಿ, ದಾವಣಗೆರೆ ಜಿಲ್ಲೆ